ಪಿಯಾನೊ ಕಲಿಯಲು ಹೊರಟವರಿಗೆ: ಮೊದಲ ಆರು ತಿಂಗಳ ದಾರಿ

ಕೊಳಲಿನಲ್ಲಿ ಮೊದಲ ಸ್ವರ ಹೊರಡಿಸಲು ವಾರಗಟ್ಟಲೆ ಊದಬೇಕು. ಪಿಟೀಲಿನಲ್ಲಿ ಸ್ವರಸ್ಥಾನ ಸಿಗಲು ತಿಂಗಳುಗಳೇ ಬೇಕು. ಪಿಯಾನೊದಲ್ಲಿ ಆ ತೊಂದರೆ ಇಲ್ಲ, ಕೀ ಒತ್ತಿದ ಕೂಡಲೇ ಶ್ರುತಿಬದ್ಧ ಸ್ವರ ಕೇಳುತ್ತದೆ. ಹಾಗಿದ್ದೂ ಶುರು ಮಾಡಿದವರಲ್ಲಿ ಬಹಳ ಮಂದಿ ಎರಡು ಕೈ ಸೇರಿಸುವ ಹಂತಕ್ಕೆ ಬಂದಾಗ ಕೈಬಿಡುತ್ತಾರೆ. "ನನಗೆ ಸಂಗೀತ ಒಲಿಯಲಿಲ್ಲ" ಎಂದುಕೊಳ್ಳುತ್ತಾರೆ. ನಿಜವಾದ ಕಾರಣ ಬೇರೆ. ಕೈ ತನಗೆ ಮತ್ತೆ ಮತ್ತೆ ಮಾಡಿಸಿದ್ದನ್ನೆಲ್ಲ ಕಲಿಯುತ್ತದೆ, ಸರಿಯನ್ನೂ ತಪ್ಪನ್ನೂ ಒಂದೇ ನಿಷ್ಠೆಯಿಂದ. ವೇಗವಾಗಿ ಹತ್ತು ಸಲ ತಪ್ಪು ನುಡಿಸಿ, ಹನ್ನೊಂದನೇ ಸಲ ಸರಿಯಾದಾಗ ಎದ್ದು ಹೋದರೆ ಕೈಯಲ್ಲಿ ಉಳಿಯುವುದು ಆ ಹತ್ತು ಸಲದ ಪಾಠ. ಕೆಳಗಿನ ಹಂತಗಳೆಲ್ಲ ಕೈಗೆ ತಪ್ಪು ಕಲಿಸದೆ ಮುಂದೆ ಹೋಗುವುದಕ್ಕಾಗಿ ಇವೆ. ಧೈರ್ಯವೂ ಹುರುಪೂ ಅದರಿಂದಲೇ ಬರುತ್ತವೆ.

ವಾದ್ಯ: ಎಷ್ಟಿದ್ದರೆ ಸಾಕು

ಪೂರ್ಣ ಪಿಯಾನೊದಲ್ಲಿ 88 ಕೀಗಳಿರುತ್ತವೆ, 52 ಬಿಳಿ ಮತ್ತು 36 ಕಪ್ಪು. ಮೊದಲ ಆರು ತಿಂಗಳಿಗೆ 61 ಕೀಗಳ ಕೀಬೋರ್ಡ್ ಸಾಕು, ಆದರೆ ಮೂರು ವಿಷಯಗಳನ್ನು ಅಂಗಡಿಯಲ್ಲೇ ನೋಡಿಕೊಳ್ಳಿ.

ಒಂದು, ಒತ್ತಡಕ್ಕೆ ತಕ್ಕಂತೆ ದನಿ ಬದಲಾಗಬೇಕು. ಒಂದೇ ಕೀಯನ್ನು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಒತ್ತಿ. ಎರಡೂ ಸಲ ಒಂದೇ ದನಿ ಬಂದರೆ ಆ ವಾದ್ಯ ಬೇಡ. ಎರಡು, ಕೀಗಳು ಪೂರ್ಣ ಅಳತೆಯವು ಇರಬೇಕು. ಅಕ್ಕಪಕ್ಕದ ಏಳು ಬಿಳಿ ಕೀಗಳ ಒಟ್ಟು ಅಗಲ ಸುಮಾರು 16.5 ಸೆಂ.ಮೀ. ಮಕ್ಕಳಿಗೆಂದು ಮಾರುವ ಸಣ್ಣ ಕೀಗಳ ವಾದ್ಯದಲ್ಲಿ ಕಲಿತ ಅಂತರ ನಿಜವಾದ ಪಿಯಾನೊದಲ್ಲಿ ಕೆಲಸಕ್ಕೆ ಬರುವುದಿಲ್ಲ. ಮೂರು, ಹಿಂಭಾಗದಲ್ಲಿ ಸಸ್ಟೇನ್ ಪೆಡಲ್ (ಕೀ ಬಿಟ್ಟ ಮೇಲೂ ದನಿ ಉಳಿಸುವ ಕಾಲೊತ್ತು) ಸಿಕ್ಕಿಸುವ ಜಾಗ ಇರಬೇಕು.

ಕೈಯಲ್ಲಿ ಹಣವಿದ್ದರೆ ಮರದ ಪಿಯಾನೊದಂತೆ ತುಸು ಭಾರದ, "ತೂಕದ ಕೀ" ಎನ್ನುವ 88 ಕೀಗಳಿರುವ ಡಿಜಿಟಲ್ ಪಿಯಾನೊ ಕೊಳ್ಳಿ. ಇಟಲಿಯ ಫ್ಲಾರೆನ್ಸ್‌ನಲ್ಲಿ 1700ರ ಸುಮಾರಿಗೆ ಬಾರ್ತೊಲೊಮಿಯೊ ಕ್ರಿಸ್ತೊಫೋರಿ ಈ ವಾದ್ಯವನ್ನು ರೂಪಿಸಿದ್ದೇ ಬೆರಳಿನಿಂದ ಮೆಲುದನಿ, ಜೋರುದನಿ ಎರಡನ್ನೂ ಹೊರಡಿಸಲು. ಅದಕ್ಕೆ ಮುಂಚಿನ ಹಾರ್ಪ್ಸಿಕಾರ್ಡ್ ತಂತಿಯನ್ನು ಮೀಟುತ್ತಿತ್ತು. ಹೇಗೆ ಒತ್ತಿದರೂ ದನಿ ಹೆಚ್ಚುಕಡಿಮೆ ಅಷ್ಟೇ. ಪಿಯಾನೊದಲ್ಲಿ ಕೀ ಒತ್ತಿದಾಗ ಫೆಲ್ಟ್ ಹೊದಿಸಿದ ಸುತ್ತಿಗೆ ತಂತಿಗೆ ಎಸೆಯಲ್ಪಡುತ್ತದೆ. ಕೀ ಇಳಿಯುವುದು ಸುಮಾರು 10 ಮಿ.ಮೀ. ಆ ದೂರವನ್ನು ಬೆರಳು ಎಷ್ಟು ಬೇಗ ದಾಟಿತು ಎಂಬುದರ ಮೇಲೆ ದನಿ ನಿಂತಿದೆ. ಹಗುರ ಪ್ಲಾಸ್ಟಿಕ್ ಕೀಗಳಿಗೆ ಒಗ್ಗಿದ ಬೆರಳು ಮೇಲ್ಮೇಲೆ ಸವರಿ ಬಿಡುತ್ತದೆ, ತೂಕದ ಕೀಯಲ್ಲಿ ಅರ್ಧದಷ್ಟು ಸ್ವರಗಳು ಕೇಳುವುದೇ ಇಲ್ಲ.

ಹಳೆಯ ಮರದ ಪಿಯಾನೊ ಅಗ್ಗಕ್ಕೆ ಸಿಕ್ಕಿತೆಂದು ಆಸೆ ಪಡುವ ಮುನ್ನ ಯೋಚಿಸಿ. ಅದರೊಳಗೆ 200ಕ್ಕೂ ಹೆಚ್ಚು ತಂತಿಗಳಿರುತ್ತವೆ, ವರ್ಷಕ್ಕೆ ಎರಡು ಸಲವಾದರೂ ಶ್ರುತಿ ಮಾಡಿಸಬೇಕು. ಮಂಗಳೂರು, ಕಾರವಾರದಂಥ ಕರಾವಳಿಯ ಮಳೆಗಾಲದಲ್ಲಿ ಮರ ಉಬ್ಬಿ ಕೀಗಳು ಅಂಟಿಕೊಳ್ಳುತ್ತವೆ, ತಂತಿಗೆ ತುಕ್ಕು ಹಿಡಿಯುತ್ತದೆ, ಫೆಲ್ಟನ್ನು ನುಸಿ ತಿನ್ನುತ್ತದೆ. ಶ್ರುತಿ ಮಾಡುವವರು ಊರಲ್ಲಿ ಸಿಗುತ್ತಾರೆಯೇ ಎಂದು ಮೊದಲು ವಿಚಾರಿಸಿ.

ವಾದ್ಯವನ್ನು ಡಬ್ಬಿಯಲ್ಲಿ ಹಾಕಿ ಮಂಚದ ಕೆಳಗೆ ಇಡಬೇಡಿ. ಸ್ಟ್ಯಾಂಡಿನ ಮೇಲೆ, ಕಣ್ಣಿಗೆ ಬೀಳುವ ಜಾಗದಲ್ಲಿ, ಒಂದು ಬಟ್ಟೆ ಮುಚ್ಚಿ ಇಡಿ. ಹೊರತೆಗೆದು ಜೋಡಿಸಲು ಐದು ನಿಮಿಷ ಬೇಕೆಂದಾದರೆ ಬಿಡುವಿಲ್ಲದ ದಿನ ಅಭ್ಯಾಸ ತಪ್ಪುವುದು ಖಂಡಿತ.

ಕೂರುವ ರೀತಿ

ಇದನ್ನು ಓದಿ ದಾಟಿಬಿಡುವವರೇ ಹೆಚ್ಚು. ಮುಂಗೈ ನೋವು, ಬೇಗ ಸುಸ್ತು, ಕಿರುಬೆರಳು ಮಾತು ಕೇಳದಿರುವುದು ಇಂಥವೆಲ್ಲ ಹುಟ್ಟುವುದು ಮಾತ್ರ ಇಲ್ಲಿಂದಲೇ.

ಪಿಯಾನೊದ ಕೀಗಳ ಮೇಲ್ಮೈ ನೆಲದಿಂದ ಸುಮಾರು 72 ಸೆಂ.ಮೀ. ಎತ್ತರದಲ್ಲಿರುತ್ತದೆ. ಮನೆಯ ಪ್ಲಾಸ್ಟಿಕ್ ಕುರ್ಚಿ ಅದಕ್ಕೆ ತಗ್ಗು. ಕೂತಾಗ ಮೊಣಕೈ ಕೀಗಳ ಮಟ್ಟಕ್ಕಿಂತ ಒಂದು ಕೂದಲೆಳೆ ಮೇಲೆ ಇರಬೇಕು, ಮುಂಗೈ ನೆಲಕ್ಕೆ ಸಮನಾಗಿ ಚಾಚಬೇಕು. ಕುರ್ಚಿ ತಗ್ಗಾದರೆ ಜಮಖಾನ ಮಡಚಿ ಹಾಕಿ. ಆಸನದ ಮುಂದಿನ ಅರ್ಧದಲ್ಲಿ ಕೂತು, ಎರಡೂ ಪಾದ ನೆಲಕ್ಕೆ ಊರಿ. ಮಕ್ಕಳ ಕಾಲು ನೆಲಕ್ಕೆ ಎಟುಕದಿದ್ದರೆ ಕೆಳಗೆ ಮಣೆ ಇಡಿ, ಜೋತಾಡುವ ಕಾಲು ಸೊಂಟವನ್ನೂ ಭುಜವನ್ನೂ ಬಿಗಿಯಾಗಿಸುತ್ತದೆ. ದೂರ ಸರಿಯಿದೆಯೇ ಎಂದು ತಿಳಿಯಲು ಮುಷ್ಟಿ ಕಟ್ಟಿ ಕೈ ನೇರ ಚಾಚಿ, ಕೀಗಳ ಹಿಂದಿನ ಹಲಗೆಗೆ ಮುಷ್ಟಿ ತಾಗಿದರೆ ಸರಿ.

ಈಗ ಕೈಯನ್ನು ತೊಡೆಯ ಪಕ್ಕ ಸಡಿಲವಾಗಿ ಇಳಿಬಿಡಿ. ಬೆರಳುಗಳು ತಾವಾಗಿಯೇ ಸ್ವಲ್ಪ ಬಾಗಿರುತ್ತವೆ, ಅಂಗೈಯಲ್ಲಿ ನಿಂಬೆಹಣ್ಣು ಹಿಡಿದ ಹಾಗೆ. ಆ ಆಕಾರವನ್ನೇ ಎತ್ತಿ ತಂದು ಕೀಗಳ ಮೇಲಿಡಿ. ಹೆಬ್ಬೆರಳು ಮಾತ್ರ ಮಗ್ಗುಲಾಗಿ, ಉಗುರಿನ ಮೂಲೆಯಿಂದ ತಾಗಬೇಕು. ಉಗುರು ಉದ್ದವಿದ್ದರೆ ಬೆರಳು ಬಾಗುವುದಿಲ್ಲ, ಕತ್ತರಿಸಿಕೊಳ್ಳಿ. ಐದೈದು ನಿಮಿಷಕ್ಕೊಮ್ಮೆ ಭುಜ ಕಿವಿಯ ಕಡೆ ಏರಿದೆಯೇ ನೋಡಿಕೊಳ್ಳಿ. ಮುಂಗೈಯಲ್ಲಿ ಉರಿ, ನೋವು ಬಂದರೆ ಆ ದಿನಕ್ಕೆ ನಿಲ್ಲಿಸಿ. ನೋವಿನ ಮೇಲೆ ನುಡಿಸಿದರೆ ಬೆರಳಿಗೆ ಬಲ ಬರುತ್ತದೆ ಎಂಬ ಮಾತು ಸುಳ್ಳು.

ಮೊದಲ ದಿನ: ಕಪ್ಪು ಕೀಗಳು ಮಾತ್ರ

ಕಪ್ಪು ಕೀಗಳು ಎರಡರ ಗುಂಪು, ಮೂರರ ಗುಂಪು ಎಂದು ಇಡೀ ವಾದ್ಯದುದ್ದಕ್ಕೂ ಮರುಕಳಿಸುತ್ತವೆ. ಮೂರರ ಗುಂಪಿನ ಕೀಗಳು ಎಡದಿಂದ ಎಫ್ ಶಾರ್ಪ್, ಜಿ ಶಾರ್ಪ್, ಎ ಶಾರ್ಪ್; ಎರಡರ ಗುಂಪಿನವು ಸಿ ಶಾರ್ಪ್, ಡಿ ಶಾರ್ಪ್. ಎಫ್ ಶಾರ್ಪನ್ನು ಷಡ್ಜವೆಂದು ಹಿಡಿದು ಕಪ್ಪು ಕೀಗಳ ಮೇಲೆಯೇ ಬಲಕ್ಕೆ ಹೋಗಿ. ಮೂರು ಮುಗಿದ ಮೇಲೆ ಎರಡರ ಗುಂಪು, ಆಮೇಲೆ ಮತ್ತೆ ಮೂರರ ಗುಂಪಿನ ಮೊದಲ ಕೀ. ಕೇಳಿದ ಕೂಡಲೇ ಗುರುತು ಸಿಗುತ್ತದೆ: ಸ ರಿ ಗ ಪ ದ ಸ, ಮೋಹನ ರಾಗದ ಆರೋಹಣ.

ಎಡಗೈಯ ಕಿರುಬೆರಳಿನಿಂದ ಕೆಳಸ್ಥಾಯಿಯ ಎಫ್ ಶಾರ್ಪ್, ಹೆಬ್ಬೆರಳಿನಿಂದ ಅದರ ಮೇಲಿನ ಸಿ ಶಾರ್ಪ್, ಅಂದರೆ ಎರಡರ ಗುಂಪಿನ ಮೊದಲ ಕೀ, ಒಟ್ಟಿಗೆ ಒತ್ತಿ ಹಿಡಿಯಿರಿ. ಷಡ್ಜ ಪಂಚಮಗಳ ತಂಬೂರಿ ಸಿದ್ಧವಾಯಿತು. ಅದು ಅಡಗುವ ಹೊತ್ತಿಗೆ ಮತ್ತೆ ಒತ್ತಿ. ಬಲಗೈಯಿಂದ ಮನಸ್ಸಿಗೆ ಬಂದ ಕಪ್ಪು ಕೀಗಳನ್ನು ನಿಧಾನವಾಗಿ ನುಡಿಸಿ. ಅಪಸ್ವರ ಬೀಳುವ ಸಾಧ್ಯತೆಯೇ ಇಲ್ಲ. ಎರಡು ಕೈ ಬೇರೆ ಬೇರೆ ಕೆಲಸ ಮಾಡುವುದನ್ನು ಮೊದಲ ಹತ್ತು ನಿಮಿಷದಲ್ಲೇ ಹೀಗೆ ಶುರು ಮಾಡಬಹುದು, ಭಯವಿಲ್ಲದೆ.

ಎರಡನೇ ದಿನ ಷಡ್ಜವನ್ನು ಬದಲಿಸಿ. ಅದೇ ಐದು ಕೀಗಳನ್ನು ಜಿ ಶಾರ್ಪ್‌ನಿಂದ ಆರಂಭಿಸಿದರೆ ಮಧ್ಯಮಾವತಿ, ಎ ಶಾರ್ಪ್‌ನಿಂದ ಹಿಂದೋಳ, ಸಿ ಶಾರ್ಪ್‌ನಿಂದ ಶುದ್ಧ ಸಾವೇರಿ, ಡಿ ಶಾರ್ಪ್‌ನಿಂದ ಶುದ್ಧ ಧನ್ಯಾಸಿ. ಷಡ್ಜ ಬದಲಿಸಿ ರಾಗ ಬದಲಿಸುವ ಈ ಗ್ರಹಭೇದವನ್ನು ಕೇಳಿದವರಿಗೆ ಅದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಎಡಗೈಯಲ್ಲಿ ಆಯಾ ಷಡ್ಜವನ್ನು ಹಿಡಿದಿದ್ದರೆ ಮಾತ್ರ ರಾಗದ ಬಣ್ಣ ಬದಲಾದದ್ದು ಕೇಳುತ್ತದೆ. ಹಿಂದೋಳದಲ್ಲಿ ಪಂಚಮವಿಲ್ಲ, ಅಲ್ಲಿ ಷಡ್ಜದ ಜೊತೆ ಮಧ್ಯಮ ಹಿಡಿಯಿರಿ: ಎ ಶಾರ್ಪ್, ಡಿ ಶಾರ್ಪ್.

ಬಿಳಿ ಕೀಗಳು, ಬೆರಳಿನ ಲೆಕ್ಕ

ಎರಡು ಕಪ್ಪು ಕೀಗಳ ಗುಂಪಿಗೆ ತಾಗಿಕೊಂಡು ಎಡಕ್ಕಿರುವ ಬಿಳಿ ಕೀ ಸಿ. ಅಲ್ಲಿಂದ ಬಲಕ್ಕೆ ಡಿ, ಇ, ಎಫ್, ಜಿ, ಎ, ಬಿ, ಮತ್ತೆ ಸಿ. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ "ಬಿಳಿ ಒಂದು" ಎನ್ನುವ ಶ್ರುತಿ ಇದೇ ಸಿ, "ಕಪ್ಪು ಒಂದು" ಎನ್ನುವುದು ಸಿ ಶಾರ್ಪ್. ನಡುವಿನ ಸಿ ಅನ್ನು ಮಿಡ್ಲ್ ಸಿ ಎನ್ನುತ್ತಾರೆ. 61 ಕೀಗಳ ವಾದ್ಯದಲ್ಲಿ ಎಡದಿಂದ ಮೂರನೇ ಸಿ, 88 ಕೀಗಳದ್ದರಲ್ಲಿ ನಾಲ್ಕನೇ ಸಿ. ಕೀಗಳ ಮೇಲೆ ಹೆಸರಿನ ಸ್ಟಿಕ್ಕರ್ ಅಂಟಿಸಬೇಡಿ. ಕಣ್ಣು ಅಕ್ಷರ ಓದಲು ಒಗ್ಗಿಹೋಗುತ್ತದೆ, ಕಪ್ಪು ಕೀಗಳ ಗುಂಪನ್ನು ನೋಡುವುದಿಲ್ಲ. ಅಂಟಿಸಿಯೇ ಕಲಿಯಬೇಕೆಂದರೆ ಸಿ ಮತ್ತು ಎಫ್‌ಗೆ ಮಾತ್ರ, ಅದೂ ಎರಡು ವಾರ.

ಬೆರಳಿಗೆ ಸಂಖ್ಯೆ: ಎರಡೂ ಕೈಯಲ್ಲಿ ಹೆಬ್ಬೆರಳು 1, ಕಿರುಬೆರಳು 5. ವೀಣೆ, ಗಿಟಾರ್ ಕಲಿತವರು ತೋರುಬೆರಳನ್ನು ಒಂದೆಂದು ಎಣಿಸುವ ಅಭ್ಯಾಸದಿಂದ ಎಡವುತ್ತಾರೆ. ಸ್ವರಲಿಪಿಯಲ್ಲಿ ಮುದ್ರಿಸಿದ ಬೆರಳಿನ ಸಂಖ್ಯೆಯನ್ನು ಮೊದಲ ವರ್ಷ ಕಣ್ಣುಮುಚ್ಚಿ ಪಾಲಿಸಿ. ಒಂದು ದಿನ 2, ಇನ್ನೊಂದು ದಿನ 3 ಬಳಸಿದರೆ ಕೈಗೆ ಅದು ಎರಡು ಬೇರೆ ಬೇರೆ ಹಾಡು.

ಮೊದಲ ವಾರದ ಕೆಲಸ ಇಷ್ಟು. ಬಲಗೈಯ ಐದು ಬೆರಳನ್ನು ಸಿಯಿಂದ ಜಿಯವರೆಗಿನ ಐದು ಕೀಗಳ ಮೇಲಿಟ್ಟು 1 2 3 4 5 4 3 2 1. ಎಡಗೈಯಲ್ಲಿ ಅದೇ ಸ್ವರಗಳು 5 4 3 2 1 2 3 4 5. ಒಂದು ಬೆರಳು ಇಳಿದ ಕ್ಷಣವೇ ಹಿಂದಿನದು ಏಳಬೇಕು. ನಡೆಯುವಾಗ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಜಾರುವ ಹಾಗೆ. 4ನೇ ಬೆರಳು ದುರ್ಬಲವೆನಿಸುವುದು ಸಹಜ, ಅದರ ಸ್ನಾಯುರಜ್ಜು ಪಕ್ಕದ ಬೆರಳುಗಳೊಂದಿಗೆ ಕೂಡಿಕೊಂಡಿದೆ. ಅದನ್ನು ಎತ್ತರಕ್ಕೆ ಎತ್ತಿ ಬಡಿಯಲು ಹೋಗಬೇಡಿ. ಮಣಿಕಟ್ಟನ್ನು ಅದರ ಕಡೆಗೆ ಒಂದಿಷ್ಟು ಸರಿಸಿ, ಕೈಯ ಭಾರ ಅದರ ಮೇಲೆ ಬರಲಿ.

ಸರಳೆ, ಜಂಟಿ ವರಸೆ ಪಿಯಾನೊದ ಮೇಲೆ

ಕರ್ನಾಟಕ ಸಂಗೀತದ ಪಾಠ ಒಂದಿಷ್ಟಾದರೂ ಆಗಿರುವವರ ಕೈಯಲ್ಲಿ ದೊಡ್ಡ ಗಂಟಿದೆ, ಅದನ್ನು ಬಿಚ್ಚಿ ಬಳಸಿಕೊಳ್ಳಿ. ಬಿಳಿ ಕೀಗಳ ಸಿಯಿಂದ ಸಿವರೆಗೆ 29ನೇ ಮೇಳ (ಮೂಲರಾಗ) ಧೀರ ಶಂಕರಾಭರಣದ ಸ್ವರಗಳು. ಮೊದಲ ಪಾಠವಾದ ಸರಳೆ ವರಸೆಯ ರಾಗ ಮಾಯಾಮಾಳವಗೌಳಕ್ಕೆ ಎರಡೇ ಬದಲಾವಣೆ: ಡಿ ಬದಲು ಡಿ ಫ್ಲ್ಯಾಟ್, ಅಂದರೆ ಅದರ ಎಡಕ್ಕೆ ತಾಗಿದ ಕಪ್ಪು ಕೀ, ಹಾಗೆಯೇ ಎ ಬದಲು ಎ ಫ್ಲ್ಯಾಟ್. ಬಲಗೈ ಬೆರಳು 1 2 3, 1 2 3 4 5. ಎಡಗೈ 5 4 3 2 1, 3 2 1. ಸಿ ಮೇಜರ್ ಸ್ಕೇಲಿಗೂ (ಸಿಯಿಂದ ಸಿವರೆಗಿನ ಬಿಳಿ ಕೀಗಳ ಸಾಲಿಗೂ) ಇದೇ ಬೆರಳುಗಳು, ಹಾಗಾಗಿ ಒಂದನ್ನು ಕಲಿತರೆ ಎರಡೂ ಬಂದ ಹಾಗೆ.

ಇಲ್ಲಿ ಎಲ್ಲರೂ ಮುಗ್ಗರಿಸುವ ಜಾಗ ಬಲಗೈಯ ಮೂರನೇ ಸ್ವರದಿಂದ ನಾಲ್ಕನೆಯದಕ್ಕೆ ಹೋಗುವುದು, ಹೆಬ್ಬೆರಳು ಅಂಗೈ ಕೆಳಗೆ ನುಸುಳಿ ಎಫ್ ಒತ್ತಬೇಕಾದಲ್ಲಿ. ಮೂರನೇ ಬೆರಳು ಒತ್ತಿದ ಮೇಲೆ ಹೆಬ್ಬೆರಳನ್ನು ಎಳೆದು ತಂದರೆ ಮೊಣಕೈ ಕೋಳಿ ರೆಕ್ಕೆಯಂತೆ ಏಳುತ್ತದೆ, ಎಫ್ ಸ್ವರ ಢಣ್ಣೆಂದು ಜೋರಾಗಿ ಬೀಳುತ್ತದೆ. ಎರಡನೇ ಬೆರಳು ಕೀಯ ಮೇಲಿರುವಾಗಲೇ ಹೆಬ್ಬೆರಳು ಒಳಗೆ ಹೊರಟಿರಬೇಕು. ಹಾಗಾದರೆ ಎಫ್ ಬರುವ ಹೊತ್ತಿಗೆ ಅದು ಕೀಯ ಮೇಲೆ ಕಾಯುತ್ತಿರುತ್ತದೆ. ಡಿ, ಇ, ಎಫ್ ಮೂರೇ ಸ್ವರಗಳನ್ನು ಹಿಂದೆ ಮುಂದೆ ಮಾಡಿ ಇದನ್ನು ಬೇರೆಯಾಗಿ ಅಭ್ಯಾಸ ಮಾಡಿ. ಪೋಲೆಂಡಿನ ಪಿಯಾನೊ ವಾದಕ, ರಚನೆಕಾರ ಷೋಪ್ಯಾಂ ತನ್ನ ಶಿಷ್ಯರಿಗೆ ಸಿ ಮೇಜರ್ ಬದಲು ಬಿ ಮೇಜರ್ ಸ್ಕೇಲ್ ಮೊದಲು ಹೇಳಿಕೊಡುತ್ತಿದ್ದ. ಅದರಲ್ಲಿ ಉದ್ದ ಬೆರಳುಗಳು ಕಪ್ಪು ಕೀಗಳ ಎತ್ತರದಲ್ಲಿ ಕೂರುವುದರಿಂದ ಹೆಬ್ಬೆರಳಿಗೆ ನುಸುಳಲು ಜಾಗ ತಾನಾಗಿ ಸಿಗುತ್ತದೆ. ಬಿಳಿ ಕೀಗಳು ಸುಲಭ ಎಂಬುದು ಕಣ್ಣಿನ ಲೆಕ್ಕ, ಕೈಯ ಲೆಕ್ಕ ಹಾಗಿಲ್ಲ.

ಜಂಟಿ ವರಸೆಯಂತೂ ಪಿಯಾನೊಗೆಂದೇ ಮಾಡಿದಂತಿದೆ. ಸಸ ರಿರಿ ಗಗ ಮಮ ಎಂದು ಒಂದೇ ಕೀಯನ್ನು ಎರಡು ಸಲ ಒತ್ತುವಾಗ ಮೊದಲ ಒತ್ತಿನ ನಂತರ ಕೀ ಪೂರ್ತಿ ಮೇಲೆ ಬರಲು ಬಿಡಬೇಕು. ಎರಡನೇ ಸ್ವರ ಕೇಳದೆ ಹೋದರೆ ಬೆರಳು ಬಿಗಿಯಾಗಿದೆ ಎಂದೇ ಅರ್ಥ. ಲಯ ತಟ್ಟುವ ಮೆಟ್ರೊನೋಮ್ ಯಂತ್ರವನ್ನು ನಿಮಿಷಕ್ಕೆ 60ಕ್ಕೆ ಇಟ್ಟು ಒಂದನೇ ಕಾಲ, ಅದೇ 60ರಲ್ಲಿ ಇಮ್ಮಡಿ ವೇಗದ ಎರಡನೇ ಕಾಲ. ಆದಿತಾಳದ ಎಂಟು ಎಣಿಕೆ ಪಾಶ್ಚಾತ್ಯ ಲಿಪಿಯಲ್ಲಿ ನಾಲ್ಕು ಎಣಿಕೆಯ, ನಿಲುವು ಗೆರೆಗಳ ನಡುವಿನ ತುಂಡುಗಳಾದ ಎರಡು ಬಾರ್‌ಗಳಾಗುತ್ತವೆ.

ಸ್ವರವನ್ನು ಅಲುಗಿಸುವ, ಜಾರಿಸುವ ಗಮಕ ಮಾತ್ರ ಇಲ್ಲಿ ಸಿಗುವುದಿಲ್ಲ. ಒತ್ತಿದ ಕೀ ಒಂದೇ ಸ್ವರದಲ್ಲಿ ನಿಂತುಬಿಡುತ್ತದೆ. ಸೂಕ್ಷ್ಮ ಕಿವಿಯವರಿಗೆ ಇನ್ನೊಂದೂ ಕೇಳೀತು. ಪಿಯಾನೊದಲ್ಲಿ ಸ್ಥಾಯಿಯನ್ನು 12 ಸಮಪಾಲು ಮಾಡಿರುವುದರಿಂದ ಇಲ್ಲಿಯ ಅಂತರ ಗಾಂಧಾರ (ಸಿ ಷಡ್ಜವಾದರೆ ಇ ಕೀ) ಶುದ್ಧ ಅನುಪಾತದ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಏರಿದೆ. ಒಂದು ಅರ್ಧಸ್ವರ ಎಂದರೆ 100 ಸೆಂಟ್. ಪಂಚಮದಲ್ಲಿ ವ್ಯತ್ಯಾಸ ಎರಡೇ ಸೆಂಟ್, ಗೊತ್ತಾಗುವುದಿಲ್ಲ. ತಂಬೂರಿಯ ಜೊತೆ ನುಡಿಸಿದಾಗ ಗಾಂಧಾರ ಚುಚ್ಚಿದರೆ ತಪ್ಪು ನಿಮ್ಮ ಕಿವಿಯದಲ್ಲ. ಎರಡೂ ಸಂಗೀತವನ್ನು ಒಟ್ಟಿಗೆ ಬಾಳಿಸಿದವರು ನಮ್ಮಲ್ಲೇ ಇದ್ದರು. ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್ ಪಿಯಾನೊವನ್ನು ಶ್ರದ್ಧೆಯಿಂದ ಕಲಿತವರು. ರಷ್ಯದ ರಚನೆಕಾರ ನಿಕೊಲಾಯ್ ಮೆಟ್ನರ್ ತನ್ನ ಮೂರನೇ ಪಿಯಾನೊ ಕನ್ಚರ್ಟೊವನ್ನು (ಪಿಯಾನೊ ಮತ್ತು ವಾದ್ಯವೃಂದದ ಕೃತಿಯನ್ನು) ಅವರಿಗೆ ಅರ್ಪಿಸಿದ. ಅದೇ ಅರಸರು 90ಕ್ಕೂ ಹೆಚ್ಚು ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದರು.

ಲಿಪಿ ಓದುವುದು

ಎರಡನೇ ವಾರದಿಂದ ದಿನಕ್ಕೆ ಐದು ನಿಮಿಷ, ಹೆಚ್ಚು ಬೇಡ. ಪಾಶ್ಚಾತ್ಯ ಸ್ವರಲಿಪಿಯ ಐದು ಗೆರೆಗಳ ಎಲ್ಲ ಹೆಸರನ್ನೂ ಬಾಯಿಪಾಠ ಮಾಡುವ ಬದಲು ಮೂರು ಮೈಲಿಗಲ್ಲು ನೆಟ್ಟುಕೊಳ್ಳಿ. ಮೇಲಿನ ಐದು ಗೆರೆಗಳ ಆರಂಭದ ಗುರುತಾದ ಟ್ರೆಬಲ್ ಕ್ಲೆಫ್‌ನ ಸುರುಳಿ ಸುತ್ತುವ, ಕೆಳಗಿನಿಂದ ಎರಡನೇ ಗೆರೆ ಜಿ. ಕೆಳಗಿನ ಐದು ಗೆರೆಗಳ ಗುರುತಾದ ಬಾಸ್ ಕ್ಲೆಫ್‌ನ ಎರಡು ಚುಕ್ಕೆಗಳ ನಡುವಿನ ನಾಲ್ಕನೇ ಗೆರೆ ಎಫ್. ಇವೆರಡರ ನಡುವೆ, ಸಣ್ಣ ತುಂಡುಗೆರೆಯ ಮೇಲೆ, ಮಿಡ್ಲ್ ಸಿ. ಉಳಿದದ್ದನ್ನು ಅಂತರದಿಂದ ಓದಿ. ಗೆರೆಯಿಂದ ಪಕ್ಕದ ಖಾಲಿ ಜಾಗಕ್ಕೆ ಹೋದರೆ ಪಕ್ಕದ ಕೀ, ಗೆರೆಯಿಂದ ಮುಂದಿನ ಗೆರೆಗೆ ಹೋದರೆ ಒಂದು ಕೀ ಹಾರಿಸಿ. ಸ್ವರದ ಕೆಳಗೆ ಪೆನ್ಸಿಲಿನಿಂದ ಅಕ್ಷರ ಬರೆದುಕೊಂಡರೆ ಅಂದಿಗೆ ಸುಲಭ, ಆದರೆ ಕಣ್ಣು ಚುಕ್ಕೆ ನೋಡದೆ ಅಕ್ಷರವನ್ನೇ ಹುಡುಕಲು ಕಲಿಯುತ್ತದೆ.

ಬಣ್ಣದ ಪಟ್ಟಿಗಳು ಮೇಲಿನಿಂದ ಬೀಳುವ ವಿಡಿಯೊ ನೋಡಿ ಕಲಿಯುವವರು ಹೆಚ್ಚಾಗಿದ್ದಾರೆ. ಅದರಲ್ಲಿ ಯಾವ ಕೀ ಎಂಬುದು ಗೊತ್ತಾಗುತ್ತದೆ, ಯಾವ ಬೆರಳು, ಎಣಿಕೆಯ ಯಾವ ಜಾಗ ಎಂಬುದು ಗೊತ್ತಾಗುವುದಿಲ್ಲ. ಮೂರನೇ ಹಾಡಿನ ಹೊತ್ತಿಗೆ ಮೊದಲನೆಯದು ಮರೆತಿರುತ್ತದೆ.

ಹುಣಸೆ ಬೀಜದ ಲೆಕ್ಕ

ಇಡೀ ಕಲಿಕೆ ನಿಂತಿರುವುದು ಈ ಭಾಗದ ಮೇಲೆ. ಐದು ಹುಣಸೆ ಬೀಜ ತೆಗೆದುಕೊಂಡು ವಾದ್ಯದ ಎಡಕ್ಕೆ ಸಾಲಾಗಿ ಇಡಿ. ಹಾಡಿನ ಎರಡು ಬಾರ್ ಮಾತ್ರ ಆರಿಸಿ. ಎಷ್ಟು ನಿಧಾನವಾದರೆ ಖಂಡಿತ ತಪ್ಪಾಗದೋ ಅಷ್ಟು ನಿಧಾನವಾಗಿ ನುಡಿಸಿ. ಸ್ವರ, ಬೆರಳು, ಎಣಿಕೆ ಮೂರೂ ಸರಿಯಾದರೆ ಒಂದು ಬೀಜ ಬಲಕ್ಕೆ. ಒಂದು ತಪ್ಪಾದರೂ ಬಲಕ್ಕೆ ಹೋದದ್ದೆಲ್ಲ ಎಡಕ್ಕೆ ವಾಪಸು. ಐದೂ ಬಲಕ್ಕೆ ಬಂದ ಮೇಲೆ ಮೆಟ್ರೊನೋಮ್ ನಾಲ್ಕು ಅಂಕ ಏರಿಸಿ.

ನಾಲ್ಕನೇ ಬೀಜದ ಹೊತ್ತಿಗೆ ಎದೆ ಸಣ್ಣಗೆ ಹೊಡೆದುಕೊಳ್ಳುತ್ತದೆ. ಅದು ಒಳ್ಳೆಯದೇ, ಬೇರೆಯವರೆದುರು ನುಡಿಸುವಾಗಿನ ಅಳುಕು ಮನೆಯಲ್ಲೇ, ಸಣ್ಣ ಪ್ರಮಾಣದಲ್ಲಿ ರೂಢಿಯಾಗುತ್ತದೆ. ಹತ್ತು ನಿಮಿಷವಾದರೂ ಐದು ಬೀಜ ದಾಟದಿದ್ದರೆ ನಿಮ್ಮನ್ನು ಬೈದುಕೊಳ್ಳಬೇಡಿ. ತುಂಡು ದೊಡ್ಡದಾಗಿದೆ, ಇಲ್ಲವೇ ವೇಗ ಹೆಚ್ಚಾಗಿದೆ. ಎರಡು ಬಾರ್ ಇದ್ದದ್ದನ್ನು ಒಂದಕ್ಕೆ, ಒಂದನ್ನು ಎರಡು ಎಣಿಕೆಗೆ ಇಳಿಸಿ. ತುಂಡು ಮಾಡುವಾಗ ಮುಂದಿನ ಬಾರ್‌ನ ಮೊದಲ ಸ್ವರವನ್ನೂ ಸೇರಿಸಿಕೊಳ್ಳುವುದು ಮುಖ್ಯ. ಅದನ್ನು ಬಿಟ್ಟವರ ಹಾಡಿನಲ್ಲಿ ಪ್ರತಿ ಬಾರ್ ಗೆರೆಯ ಹತ್ತಿರವೂ ಒಂದು ತಡವರಿಕೆ ಉಳಿದುಬಿಡುತ್ತದೆ.

ತಪ್ಪಾದ ಕೂಡಲೇ ಹಾಡಿನ ಮೊದಲಿಗೆ ಹೋಗುವುದು ಎಲ್ಲ ಆರಂಭಿಕರ ಚಟ. ಮೊದಲ ನಾಲ್ಕು ಬಾರ್ ನೂರು ಸಲ ಆಗಿರುತ್ತವೆ, ಕಷ್ಟದ ಒಂಬತ್ತನೇ ಬಾರ್ ಹತ್ತು ಸಲವೂ ಆಗಿರುವುದಿಲ್ಲ. ಅಭ್ಯಾಸವನ್ನು ಕಷ್ಟದ ಬಾರ್‌ನಿಂದ ಶುರು ಮಾಡಿ.

ದಿನಕ್ಕೆ 20 ನಿಮಿಷ ಸಾಕು: ಬೆರಳು ಸಾಧನೆ ಐದು, ಓದು ಐದು, ಹುಣಸೆ ಬೀಜ ಹತ್ತು. ಭಾನುವಾರ ಒಂದೇ ಸಲಕ್ಕೆ ಎರಡು ಗಂಟೆ ಕೂರುವುದಕ್ಕಿಂತ ಇದು ಎಷ್ಟೋ ಮೇಲು. ರಾತ್ರಿ ಬಾರದ ಬಾರ್ ಒಂದು ನಿದ್ದೆಯ ಬಳಿಕ ಬೆಳಿಗ್ಗೆ ಸಲೀಸಾಗುವುದು ಉಂಟು. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಹೆಡ್‌ಫೋನ್ ಬೇಕೇ ಬೇಕು, ಆದರೆ ದನಿ ತೀರಾ ಕಡಿಮೆ ಇಟ್ಟರೆ ಕೇಳಿಸಿಕೊಳ್ಳಲು ಬೆರಳು ಜೋರಾಗಿ ಗುದ್ದಲು ತೊಡಗುತ್ತದೆ.

ಎರಡು ಕೈ ಸೇರಿಸುವುದು

ಎರಡು ಕೈಯೂ ಬೇರೆಬೇರೆಯಾಗಿ ಐದು ಬೀಜ ದಾಟಿದ ಮೇಲಷ್ಟೇ ಇದಕ್ಕೆ ಕೈ ಹಾಕಿ. ಮೊದಲು ವಾದ್ಯ ಬಿಟ್ಟು ತೊಡೆಯ ಮೇಲೆ ಎರಡೂ ಕೈಯ ಲಯ ತಟ್ಟಿ. ಸ್ವರದ ಚಿಂತೆಯಿಲ್ಲದೆ ಲಯವೊಂದೇ ಕೂಡಲಿ. ಆಮೇಲೆ ವಾದ್ಯದ ಮೇಲೆ ಪ್ರತಿ ಬಾರ್‌ನ ಮೊದಲ ಎಣಿಕೆಯ ಸ್ವರಗಳನ್ನು ಮಾತ್ರ ಎರಡೂ ಕೈಯಿಂದ ಒತ್ತುತ್ತ ಹಾಡಿನುದ್ದಕ್ಕೂ ನಡೆಯಿರಿ, ಕೈಗಳು ಸೇರುವ ಕಂಬಗಳು ಗೊತ್ತಾಗುತ್ತವೆ. ಮೂರನೆಯದಾಗಿ ಒಂದು ಬಾರ್ ಪೂರ್ತಿ, ಒಂಟಿ ಕೈಯ ಅರ್ಧ ವೇಗದಲ್ಲಿ.

ಎಣಿಕೆಯನ್ನು ಬಾಯಿಬಿಟ್ಟು ಹೇಳಬೇಕು, ಮನಸ್ಸಿನಲ್ಲಿ ಸಾಲದು. ಬಲಗೈಗೆ ಕಷ್ಟ ಬಂದಾಗ ಎಡಗೈ ನಿಂತು ಕಾಯುವುದು ಸಾಮಾನ್ಯ ದೋಷ. ಬಾಯಿಯ ಎಣಿಕೆ ಯಾರಿಗೂ ಕಾಯುವುದಿಲ್ಲ. ಒಂದು ಎಣಿಕೆಗೆ ಎರಡು ಸ್ವರ ಬಂದರೆ "ತಕ", ಮೂರು ಬಂದರೆ "ತಕಿಟ", ನಾಲ್ಕಾದರೆ "ತಕಧಿಮಿ". ಇಂಗ್ಲಿಷ್ ಪುಸ್ತಕದ ಎಣಿಕೆಗಿಂತ ಇದು ನಮ್ಮ ನಾಲಿಗೆಗೆ ಒಗ್ಗುತ್ತದೆ, ಲಯವೂ ಅಚ್ಚುಕಟ್ಟಾಗಿ ಕೂರುತ್ತದೆ.

ಮೂರು ಕಾರ್ಡ್

ಮೂರನೇ ತಿಂಗಳಿಗೆ ಎಡಗೈಯಲ್ಲಿ ಮೂರು ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಕಲಿತರೆ ಗೊತ್ತಿರುವ ಎಷ್ಟೋ ಹಾಡಿಗೆ ಆಸರೆ ಕೊಡಬಹುದು. ಸಿ ಕಾರ್ಡ್: ಸಿ, ಇ, ಜಿ, ಬೆರಳು 5 3 1. ಅಲ್ಲಿಂದ ಎಫ್ ಕಾರ್ಡಿಗೆ ಕೈ ಹಾರಿಸಬೇಡಿ. ಕಿರುಬೆರಳನ್ನು ಸಿ ಮೇಲೆಯೇ ಬಿಟ್ಟು ಸಿ, ಎಫ್, ಎ, ಬೆರಳು 5 2 1. ಜಿ ಸೆವೆನ್‌ಗೆ ಕಿರುಬೆರಳು ಒಂದು ಕೀ ಎಡಕ್ಕೆ ಇಳಿದು ಬಿ, ಜೊತೆಗೆ ಎಫ್ ಮತ್ತು ಜಿ, ಬೆರಳು 5 2 1. ಕೈ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ.

ಯಾವಾಗ ಯಾವುದು? ಹಾಡು ಸಿ ಮೇಜರ್‌ನಲ್ಲಿದ್ದರೆ ಬಾರ್‌ನ ಮೊದಲ ಎಣಿಕೆಯಲ್ಲಿ ಬಲಗೈಯ ಸ್ವರ ನೋಡಿ. ಸಿ, ಇ ಇದ್ದರೆ ಸಿ ಕಾರ್ಡ್. ಎಫ್, ಎ ಇದ್ದರೆ ಎಫ್. ಡಿ, ಬಿ ಇದ್ದರೆ ಜಿ ಸೆವೆನ್. ಜಿ ಸ್ವರಕ್ಕೆ ಸಿ ಕಾರ್ಡ್, ಜಿ ಸೆವೆನ್ ಎರಡೂ ಹೊಂದುತ್ತವೆ, ಕಿವಿಯನ್ನೇ ಕೇಳಿ. ಮಾಯಾಮಾಳವಗೌಳದಂಥ ರಾಗದ ಹಾಡಿಗೆ ಇವನ್ನು ಹೇರಬೇಡಿ. ಎಫ್ ಕಾರ್ಡಿನ ಎ, ರಾಗದ ಎ ಫ್ಲ್ಯಾಟ್ ಜೊತೆ ಜಗಳಕ್ಕೆ ನಿಲ್ಲುತ್ತದೆ. ಅಲ್ಲಿ ಷಡ್ಜ ಪಂಚಮ ಹಿಡಿದರೆ ಸಾಕು, ಚಂದವೂ ಹೌದು.

ಪೆಡಲ್ ಕಾರ್ಡ್ ಬಂದ ಮೇಲೆ ಮಾತ್ರ. ಹಿಮ್ಮಡಿ ನೆಲದಲ್ಲಿರಲಿ. ಒಂದನೇ ಎಣಿಕೆಗೆ ಕಾರ್ಡ್ ಒತ್ತಿ, ಎರಡಕ್ಕೆ ಪೆಡಲ್ ಇಳಿಸಿ, ಮುಂದಿನ ಒಂದಕ್ಕೆ ಹೊಸ ಕಾರ್ಡ್ ಬೀಳುವ ಕ್ಷಣ ಪೆಡಲ್ ಎತ್ತಿ, ಮತ್ತೆ ಎರಡಕ್ಕೆ ಇಳಿಸಿ. ಕೈ ಇಳಿದಾಗ ಕಾಲೂ ಇಳಿದರೆ ಹಳೆಯ ಕಾರ್ಡ್ ಹೊಸದರೊಳಗೆ ಕಲಸಿ ರಾಡಿಯಾಗುತ್ತದೆ.

ಆರನೇ ವಾರದ ಸೋಲು

ಆರರಿಂದ ಎಂಟನೇ ವಾರದ ನಡುವೆ "ಮೊದಲಿಗಿಂತ ಕೆಟ್ಟದಾಗಿ ನುಡಿಸುತ್ತಿದ್ದೇನೆ" ಎನಿಸತೊಡಗುತ್ತದೆ. ಬೆರಳು ಹಿಂದೆ ಬಿದ್ದಿರುವುದಿಲ್ಲ, ಕಿವಿ ಬೆರಳಿಗಿಂತ ಬೇಗ ಬೆಳೆದಿರುತ್ತದೆ. ಮೊದಲ ವಾರ ಕೇಳದೇ ಇದ್ದ ತಪ್ಪುಗಳು ಈಗ ಕೇಳುತ್ತವೆ. ಇದಕ್ಕೆ ಪುರಾವೆ ಕೈಯಲ್ಲಿ ಇಟ್ಟುಕೊಳ್ಳಿ. ಪ್ರತಿ ತಿಂಗಳ ಮೊದಲ ಭಾನುವಾರ ಒಂದೇ ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ತಾರೀಖು ಹಾಕಿಡಿ. ಮೂರನೇ ತಿಂಗಳು ಮೊದಲನೆಯದನ್ನು ಕೇಳಿದಾಗ ಯಾರೂ ಸಮಾಧಾನ ಹೇಳಬೇಕಾಗುವುದಿಲ್ಲ.

ಮನಸ್ಸಿಲ್ಲದ ದಿನ ಐದೇ ನಿಮಿಷ, ಹಳೆಯ ಹಾಡು ಒಂದು. ಮುಗಿದ ಹಾಡುಗಳಲ್ಲಿ ಮೂರನ್ನು ಯಾವಾಗಲೂ ಬಳಕೆಯಲ್ಲಿಡಿ. ಹೊಸದನ್ನು ಮಾತ್ರ ನುಡಿಸುವವರಿಗೆ ದಿನವೂ ಸೋಲೇ ಎದುರಾಗುತ್ತದೆ.

ಗುರುಗಳು ಸಿಕ್ಕರೆ ವಾರಕ್ಕೆ ಅರ್ಧ ಗಂಟೆ ಸಾಕು. ಅವರು ನಿಮ್ಮ ಭುಜ, ಮಣಿಕಟ್ಟು ನೋಡುತ್ತಾರೆಯೇ ಎಂದು ಗಮನಿಸಿ. ಸ್ವರದ ತಪ್ಪು ನಿಮಗೇ ಕೇಳುತ್ತದೆ, ಬಿಗಿತ ಹೊರಗಿನವರಿಗೇ ಕಾಣುವುದು. ಆನ್‌ಲೈನ್ ಪಾಠವಾದರೆ ಕ್ಯಾಮೆರಾವನ್ನು ಮುಖಕ್ಕೆ ಹಿಡಿಯದೆ ಪಕ್ಕದಿಂದ, ಮೊಣಕೈಯಿಂದ ಬೆರಳಿನವರೆಗೆ ಕಾಣುವಂತೆ ಇಡಿ. ಬ್ರಿಟನ್ನಿನ ಟ್ರಿನಿಟಿ, ಎಬಿಆರ್‌ಎಸ್‌ಎಂ ಸಂಸ್ಥೆಗಳ ಪರೀಕ್ಷೆಗಳು ಇನಿಷಿಯಲ್‌ನಿಂದ 8ನೇ ಗ್ರೇಡ್‌ವರೆಗೆ ಇವೆ. ಗುರಿ ಬೇಕೆನ್ನುವವರಿಗೆ ಒಳ್ಳೆಯವು. ಆದರೆ ವರ್ಷವಿಡೀ ಪರೀಕ್ಷೆಯ ಹಾಡುಗಳನ್ನಷ್ಟೇ ಉರು ಹೊಡೆದ ಮಗುವಿಗೆ ಪ್ರಮಾಣಪತ್ರ ಬಂದರೂ ಹೊಸ ಹಾಳೆ ಕೊಟ್ಟರೆ ಓದಲು ಬರುವುದಿಲ್ಲ.

ಬೇರೆಯವರೆದುರು

ಮೊದಲ ಸಲ ಮನೆಮಂದಿಯ ಮುಂದೆ ನುಡಿಸಲು ಹಾಡು ಚೆನ್ನಾಗಿ ಬಂದ ಮೇಲೆ ಇನ್ನೆರಡು ವಾರ ಕಾಯಿರಿ. ಆ ಎರಡು ವಾರದಲ್ಲಿ ಹಾಡನ್ನು ನಾಲ್ಕು ಭಾಗ ಮಾಡಿ, ಪ್ರತಿ ಭಾಗದ ಮೊದಲ ಸ್ವರ ಮತ್ತು ಬೆರಳನ್ನು ಗಟ್ಟಿ ಮಾಡಿ. ನಾಲ್ಕು ಚೀಟಿಯಲ್ಲಿ 1, 2, 3, 4 ಬರೆದು ಮಡಚಿ, ಎತ್ತಿದ ಚೀಟಿಯ ಭಾಗದಿಂದ ಥಟ್ಟನೆ ಶುರು ಮಾಡುವ ಅಭ್ಯಾಸ ಮಾಡಿ. ಬೆರಳಿನ ರೂಢಿಯೊಂದನ್ನೇ ನೆಚ್ಚಿದ ಹಾಡು ನಡುವೆ ಕಡಿದರೆ ಮತ್ತೆ ಮೊದಲಿನಿಂದಲೇ ಹೋಗಬೇಕಾಗುತ್ತದೆ. ಚೀಟಿ ಆಡಿದವರಿಗೆ ಮುಂದಿನ ಮೆಟ್ಟಿಲು ಎಲ್ಲಿದೆ ಎಂದು ಗೊತ್ತಿರುತ್ತದೆ.

ಆ ದಿನ ಕೂತ ಮೇಲೆ ಆಸನದ ಎತ್ತರ ನೋಡಿಕೊಳ್ಳಿ, ಕೈ ತೊಡೆಯ ಮೇಲಿರಲಿ. ಹಾಡಿನ ಅತಿ ಕಷ್ಟದ ಬಾರ್ ನಿಮಗೆ ಯಾವ ವೇಗದಲ್ಲಿ ಬರುತ್ತದೋ ಆ ವೇಗದಲ್ಲಿ ಒಂದು ಬಾರ್ ಮನಸ್ಸಿನಲ್ಲಿ ಎಣಿಸಿ. ನಾಲ್ಕನೇ ಎಣಿಕೆಗೆ ಉಸಿರು ಬಿಟ್ಟು ಶುರು ಮಾಡಿ. ನಡುವೆ ಒಂದು ಸ್ವರ ತಪ್ಪಿದರೆ ಅದನ್ನು ತಿದ್ದಲು ಹಿಂದೆ ಹೋಗಬೇಡಿ, ಎಡಗೈ ಮತ್ತು ಎಣಿಕೆ ನಡೆಯುತ್ತಿರಲಿ. ಕೇಳುವವರ ಕಾಲಿನ ತಾಳ ತಪ್ಪದಿದ್ದರೆ ಸ್ವರ ತಪ್ಪಿದ್ದು ಅವರಿಗೆ ಗೊತ್ತಾಗುವುದು ಅಪರೂಪ. ಕೊನೆಯ ಸ್ವರ ಪೂರ್ತಿ ಅಡಗುವವರೆಗೆ ಕೈ ಎತ್ತಬೇಡಿ.